ಮುಗ್ಗಲು ವಾಸನೆಯ ಜಾಡು

ಧಾರವಾಡದಿಂದ ರಾತ್ರಿ ರೈಲಿಗೆ ಬಂದಿದ್ದ ದೊಡ್ಡವ್ವ ಬ್ಯಾಗು ಇಡಲೆಂದು ಕೆಳಗಿನ ರೂಮಿಗೆ ಇಳಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ಸೆರಗು ಮೂಗಿಗೆ ಹಿಡಿದು, ‘ಏನೋ ತಮ್ಮಾ, ಹಗೇವಿನ ಬಾಯಿ ತಗದಂಗ ವಾಸ್ನಿ ಬರಾಕತ್ತೈತಲ್ಲ?’ ಅಂದಳು. ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಹಳೇ ಪುಸ್ತಕಗಳಲ್ಲವಾ, ಹಾಗೇ ಇರುತ್ತೆ ಅಂತ ವಾದಿಸಿದೆ. ‘ಪುಸ್ತಕದ ವಾಸ್ನಿ ನನಗ ಗೊತ್ತಿಲ್ಲೇನು? ಇದು ಮುಗ್ಗಿದ್ದು’ ಅಂದವಳೇ ಬ್ಯಾಗು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಆ ನಾಲ್ಕು ದಿನ ಅವಳು ಹಾಲ್‌ನಲ್ಲೇ ಮಲಗಿದಳು.

ಹಗೇವು ಅಂದರೆ ನೆಲದೊಳಗಿನ ಕಣಜ. ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ಗಟ್ಟಿ ನೆಲ ನೋಡಿ ತೋಡಿ, ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಆಮ್ಲಜನಕ ತೀರಿಹೋಗಿ ಹುಳು ಸಾಯುತ್ತಿತ್ತು, ಕಾಳು ಉಳಿಯುತ್ತಿತ್ತು. ಆದರೆ ಗೋಡೆಗೆ ತಾಗಿದ ಪದರ ಮಾತ್ರ ಮಣ್ಣಿನ ಪಸೆ ಹೀರಿ ಮುಗ್ಗುತ್ತಿತ್ತು. ಬಾಯಿ ತೆರೆದ ದಿನ ಓಣಿಗೆಲ್ಲ ಗೊತ್ತಾಗುವಂಥ ವಾಸನೆ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನ ಉಸಿರಿಗೂ ಅಲ್ಲಿ ಗಾಳಿಯಿಲ್ಲ ಎಂದು ಅರ್ಥ. ಅಂಥ ಬಾಯಿಗಳ ಅಂಚಿನಲ್ಲಿ ಬೆಳೆದ ಮೂಗು ದೊಡ್ಡವ್ವನದು. ಅದರ ಎದುರು ನನ್ನ ವಾದ ನಿಲ್ಲುವಂತಿರಲಿಲ್ಲ.

ನನ್ನ ಮೂಗು ಸುಳ್ಳು ಹೇಳಿದ್ದಕ್ಕೂ ಕಾರಣವಿದೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಮೂಗು ಅದನ್ನು ಲೆಕ್ಕದಿಂದ ಬಿಟ್ಟುಬಿಡುತ್ತದೆ. ದಿನಕ್ಕೆ ನಾಲ್ಕು ತಾಸು ಆ ರೂಮಿನಲ್ಲಿ ಕೂತು ಬರೆಯುವ ನನಗೆ ಅದು ವಾಸನೆಯಾಗಿ ಉಳಿದೇ ಇರಲಿಲ್ಲ. ಹಾಗಾಗಿ ಪತ್ತೇದಾರಿಕೆಗೆ ಒದಗುವುದು ಒಳಗೆ ಕಾಲಿಟ್ಟ ಮೊದಲ ಹತ್ತು ಹದಿನೈದು ಸೆಕೆಂಡು ಮಾತ್ರ. ರಾತ್ರಿಯಿಡೀ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಬೆಳಿಗ್ಗೆ ಹೊರಗೆ ಸ್ವಲ್ಪ ಹೊತ್ತು ಅಡ್ಡಾಡಿ ಬಂದು ಒಮ್ಮೆಲೇ ಬಾಗಿಲು ತೆರೆಯಬೇಕು. ಮನೆಗೆ ಬಂದ ನೆಂಟರನ್ನು ಕೇಳುವುದು ಇನ್ನೂ ಒಳ್ಳೆಯದು, ಅವರು ದೊಡ್ಡವ್ವನಷ್ಟು ನೇರವಾಗಿ ಹೇಳುವವರಾದರೆ.

ನಮ್ಮದು ಬೆಂಗಳೂರಿನ ಇಳಿಜಾರು ರಸ್ತೆಯ 30x40 ಸೈಟು. ಕಟ್ಟಿಸುವಾಗ, ತಗ್ಗು ಇದೆಯಲ್ಲ, ಮಣ್ಣು ತುಂಬಿಸುವ ಬದಲು ಒಂದು ರೂಮೇ ಬರಲಿ ಎಂದು ಅರ್ಧ ನೆಲದೊಳಗೆ ಇಳಿಸಿದ್ದು. ಕಾಗದದಲ್ಲಿ ಅದು ಬೇಸ್‌ಮೆಂಟ್, ಮನೆಯವರ ಬಾಯಲ್ಲಿ ಕೆಳಗಿನ ರೂಮು. ಮೂರು ಗೋಡೆಗಳ ಹಿಂದೆ ಮಣ್ಣು, ನಾಲ್ಕನೆಯದರಲ್ಲಿ ಬಾಗಿಲು, ಒಂದು ಕಿಟಕಿ. ಪುಸ್ತಕಗಳೆಲ್ಲ ಅಲ್ಲೇ, ಪ್ಲೈವುಡ್ ಕಪಾಟುಗಳಲ್ಲಿ.

ದೊಡ್ಡವ್ವ ಊರಿಗೆ ಹೋದ ಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸಾಂಬ್ರಾಣಿ ಹಾಕಿದೆ. ನುಸಿಗುಳಿಗೆ ಇಟ್ಟೆ. ಮೂಲೆಯಲ್ಲಿ ಕರ್ಪೂರ. ಒಂದು ವಾರಕ್ಕೆ ಆ ರೂಮು ದೇವಸ್ಥಾನದ ಉಗ್ರಾಣದಂತೆ ನಾರತೊಡಗಿತು: ಮುಗ್ಗಲಿನ ಮೇಲೆ ಧೂಪ. ಆಮೇಲೆ ಬಣ್ಣದವರೊಬ್ಬರು ಬಂದು ಕಿಟಕಿ ಕೆಳಗೆ ಹಕ್ಕಳೆ ಎದ್ದಿದ್ದ ಬಣ್ಣ ತೋರಿಸಿ, ‘ಮಳೆ ನೀರು ಸಾರ್, ಹೊರಗಿಂದ ಇಳೀತಿದೆ, ವಾಟರ್‌ಪ್ರೂಫ್ ಹೊಡೆದರೆ ಮುಗೀತು’ ಅಂದರು. ಹೊಡೆಸಿದೆ. ವಾಸನೆ ಅಲ್ಲಾಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ ಅದು ಅಂತ ತಿಳಿಯಲು ತಿಂಗಳಾಯಿತು. ಕಿಟಕಿ ಕೆಳಗಿನ ಹಕ್ಕಳೆ ಹಳೆಯದು, ಹಿಂದಿನ ವರ್ಷದ ಮಳೆಯದು. ಈ ಫೆಬ್ರುವರಿಯ ವಾಸನೆಗೂ ಅದಕ್ಕೂ ನಂಟಿರಲಿಲ್ಲ.

ಹುಡುಕುವ ಮೊದಲು ಯಾವ ವಾಸನೆ ಎಂಬುದು ಇತ್ಯರ್ಥವಾಗಬೇಕು. ‘ನಾತ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿದರೆ ದಾರಿ ತಪ್ಪುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಚರಂಡಿಯ ಗಾಳಿ. ನೆಲಮಾಳಿಗೆಯ ಬಚ್ಚಲಿಗೆ ಅಪರೂಪಕ್ಕೊಮ್ಮೆ ನೀರು ಬೀಳುತ್ತದೆ. ಪ್ಲಂಬರುಗಳು ನಾನಿ ಟ್ರ್ಯಾಪ್ ಎನ್ನುವ ಆ ಗುಂಡಿಯಲ್ಲಿ ಸದಾ ನಿಂತಿರಬೇಕಾದ ಎರಡು ಇಂಚು ನೀರು ಬೇಸಿಗೆಯಲ್ಲಿ ಆರಿಹೋದರೆ ಚರಂಡಿಗೂ ನಿಮ್ಮ ರೂಮಿಗೂ ನಡುವೆ ತಡೆಯೇ ಇಲ್ಲ. ಒಂದು ಬಕೆಟ್ ನೀರು ಸುರಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಮೇಲೆ ಎರಡು ಚಮಚ ಕೊಬ್ಬರಿ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಸತ್ತ ಇಲಿಯ ವಾಸನೆ ಸಿಹಿಬೆರೆತ ಕೊಳಕು, ದಿನದಿಂದ ದಿನಕ್ಕೆ ಏರಿ ಆಮೇಲೆ ತಾನಾಗಿ ಇಳಿಯುತ್ತದೆ. ಇನ್ನು ಅಡುಗೆ ಅನಿಲದ ವಾಸನೆ ಒಂಚೂರು ಬಂದರೂ ತನಿಖೆಗೆ ನಿಲ್ಲಬೇಡಿ. ಅದು ಗಾಳಿಗಿಂತ ಭಾರ, ಮೇಲೆ ಸೋರಿದ್ದು ಕೆಳಗಿಳಿದು ತಗ್ಗಿನ ರೂಮಿನಲ್ಲಿ ಮಡುಗಟ್ಟುತ್ತದೆ. ಸ್ವಿಚ್ ಮುಟ್ಟದೆ ಹೊರಬಂದು ಸಿಲಿಂಡರ್ ಮುಚ್ಚಬೇಕು.

ಇವು ಮೂರೂ ಅಲ್ಲದೆ, ಮಳೆಗಾಲದಲ್ಲಿ ಒಣಗದ ಬಟ್ಟೆ, ಹಳೇ ಗೋಣಿಚೀಲ, ತೇವ ಮಣ್ಣು ಸೇರಿದಂಥ ವಾಸನೆಯಾದರೆ ಅದೇ ಮುಗ್ಗಲು. ದೊಡ್ಡವ್ವ ಹೇಳಿದ್ದು ಅದನ್ನೇ.

ಮುಗ್ಗಲು ಹುಟ್ಟುವುದು ಬೂಷ್ಟಿನಿಂದ, ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳಿಂದ. ಅವು ಬೆಳೆಯುತ್ತ ಗಾಳಿಗೆ ಬಿಡುವ ರಾಸಾಯನಿಕಗಳಲ್ಲಿ ಎರಡಂತೂ ನಮಗೆ ಚೆನ್ನಾಗಿ ಪರಿಚಿತ. ಒಂದು ಅಣಬೆಯ ವಾಸನೆಯದು. ಇನ್ನೊಂದು ಜಿಯೋಸ್ಮಿನ್. ಮೊದಲ ಮಳೆಯ ಮಣ್ಣಿನ ಘಮದಲ್ಲಿರುವುದು ಅದೇ, ಬೀಟ್‌ರೂಟ್ ಪಲ್ಯದಲ್ಲಿ ಮಕ್ಕಳು ಮೂಗು ಮುರಿಯುವ ಮಣ್ಣು ಮಣ್ಣು ವಾಸನೆಯೂ ಅದೇ, ಕೆರೆ ಮೀನಿನ ಕೆಸರು ವಾಸನೆಯಲ್ಲೂ ಅದರ ಪಾಲಿದೆ. ಅದನ್ನು ಬೇರ್ಪಡಿಸಿ ಹೆಸರಿಟ್ಟದ್ದು 1965ರಲ್ಲಿ, ಅಮೆರಿಕದ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲಶೆವಲಿಯೆ. ಅದಕ್ಕೆ ಒಂದು ವರ್ಷ ಮೊದಲು ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಮಳೆಮಣ್ಣಿನ ಘಮಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟಿದ್ದರು. ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಅದೇ ಘಮವನ್ನು ಅತ್ತರಾಗಿಯೂ ಮಾರುತ್ತಾರೆ. ಬಯಲಲ್ಲಿ ಬಂದರೆ ಕವಿತೆ, ಮುಚ್ಚಿದ ರೂಮಿನಲ್ಲಿ ಬಂದರೆ ಪ್ಲಂಬರ್ ಬಿಲ್ಲು.

ಲಕ್ಷ ಕೋಟಿ ಭಾಗ ನೀರಿನಲ್ಲಿ ಹತ್ತು ಭಾಗ ಜಿಯೋಸ್ಮಿನ್ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯಬಲ್ಲದು. ಹೀಗಾಗಿ ಅಂಗೈಯಗಲದ ಬೂಷ್ಟು ಇಡೀ ರೂಮನ್ನು ಕೆಡಿಸಬಲ್ಲದು, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಬೂಷ್ಟಿನ ಬೀಜಾಣುಗಳು ಎಲ್ಲ ಮನೆಯ ಗಾಳಿಯಲ್ಲೂ ಸದಾ ಇರುತ್ತವೆ. ಉಣ್ಣಲು ಪ್ಲೈವುಡ್, ರಟ್ಟು, ಕಾಗದ, ಚರ್ಮ, ಗೋಡೆಯ ಧೂಳು ಯಾವುದಾದರೂ ಆದೀತು. ಕೊರತೆ ಇರುವುದು ನೀರಿನದೊಂದೇ. ಗೋಡೆಯ ಮೈಗೆ ಅಂಟಿದ ಗಾಳಿಯ ತೇವಾಂಶ ಶೇ 80 ದಾಟಿ ಕೆಲ ದಿನ ನಿಂತರೆ ಬೆಳೆ ಶುರು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗ, ಇಷ್ಟು ಬೂಷ್ಟಿದ್ದರೆ ಅಪಾಯವಿಲ್ಲ ಎಂಬ ಅಂಕಿಯನ್ನೇ ಕೊಡಲಿಲ್ಲ. ಉಬ್ಬಸಕ್ಕೂ ಉಸಿರಿನ ತೊಂದರೆಗೂ ಅದರ ನಂಟನ್ನು ತೋರಿಸಿ, ತೇವವನ್ನೇ ತಡೆಯಿರಿ ಎಂದಿತು. ಅಲ್ಲಿಗೆ ನಾನು ಹುಡುಕಬೇಕಾದದ್ದು ವಾಸನೆಯನ್ನಲ್ಲ, ನೀರನ್ನು.

ನೀರು ಬರುವ ದಾರಿ ಊರಿಂದ ಊರಿಗೆ ಬೇರೆ. ನ್ಯೂಜೆರ್ಸಿಯಲ್ಲಿರುವ ಗೆಳೆಯನೊಬ್ಬನಿಗೆ ಫೋನಿನಲ್ಲಿ ನನ್ನ ಗೋಳು ಹೇಳಿಕೊಂಡೆ. ‘ಕಿಟಕಿ ತೆಗೀಬೇಡ ಮಾರಾಯ, ಡೀಹ್ಯುಮಿಡಿಫೈಯರ್ ಹಾಕು’ ಅಂದ. ಅವನ ಮಟ್ಟಿಗೆ ಅದು ಸರಿ. ಅಲ್ಲಿ ಜುಲೈ ಸೆಕೆಯಲ್ಲಿ ಹೊರಗೆ 30 ಡಿಗ್ರಿ, ಶೇ 60 ತೇವಾಂಶ ಇದ್ದರೆ, ಆ ಗಾಳಿ ಸುಮಾರು 21 ಡಿಗ್ರಿಗೆ ತಣಿದರೆ ಸಾಕು, ನೀರಾಗಿ ಇಳಿಯುತ್ತದೆ. ಚಳಿದೇಶದ ನೆಲಮಾಳಿಗೆಯ ನೆಲ ಅದಕ್ಕಿಂತ ತಣ್ಣಗಿರುತ್ತದೆ. ಗಾಳಿಯಾಡಲಿ ಎಂದು ಕಿಟಕಿ ತೆರೆದವರು ಕೈಯಾರೆ ನೀರು ಬಿಟ್ಟುಕೊಂಡಂತೆ. ನಮ್ಮಲ್ಲಿ ಕರಾವಳಿಯವರಿಗೆ ಇದು ಗೊತ್ತು, ಮಳೆ ಹಿಡಿಯುವ ಹೊತ್ತಿಗೆ ಮಂಗಳೂರಿನ ಮನೆಗಳ ನೆಲ ಬೆವರುತ್ತದೆ. ಬೆಂಗಳೂರಿನ ಕಥೆ ಅದಲ್ಲ. ಇಲ್ಲಿನ ಮಣ್ಣು ವರ್ಷವಿಡೀ ಹದ ಬೆಚ್ಚಗೆ, ಗಾಳಿ ಕರಾವಳಿಯಷ್ಟು ತೇವದ್ದಲ್ಲ. ಅದರಲ್ಲೂ ಫೆಬ್ರುವರಿಯಲ್ಲಿ ತುಟಿ ಒಡೆಯುವ ಒಣಹವೆ. ಕಿಟಕಿ ತೆರೆದಷ್ಟೂ ಲಾಭವೇ.

ಆದರೂ ಅನುಮಾನ ಬಗೆಹರಿಯಲೆಂದು ಒಂದು ಅಗ್ಗದ ಪರೀಕ್ಷೆ ಮಾಡಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೊಂದು, ಮಣ್ಣಿಗೆ ತಾಗಿದ ಪ್ರತಿ ಗೋಡೆಗೊಂದು ಟೇಪಿನಿಂದ ನಾಲ್ಕೂ ಅಂಚು ಮುಚ್ಚಿ ಅಂಟಿಸಿ ಒಂದು ದಿನ ಬಿಡುವುದು. ಹಾಳೆಯ ಮೇಲ್ಮೈಯಲ್ಲಿ ಹನಿ ಕೂತರೆ ನೀರು ಗಾಳಿಯಿಂದ ಬಂದದ್ದು; ಹಾಳೆಯ ಹಿಂದೆ ಹನಿಗಟ್ಟಿದರೆ ಗೋಡೆಯಿಂದ ಬಂದದ್ದು. ನೆಲದ ಹಾಳೆ ಒಣ. ಎರಡು ಗೋಡೆಗಳೂ ಒಣ. ರಸ್ತೆ ಕಡೆಯ ಗೋಡೆಯ ಹಾಳೆಯ ಹಿಂದೆ ಮಾತ್ರ ಮಂಜು ಕವಿದಂತೆ ತೆಳ್ಳಗೆ ಏನೋ ಇತ್ತು.

ನೆಲ ಒಣಗಿದ್ದು ನೋಡಿ ನಿಟ್ಟುಸಿರು ಬಿಟ್ಟೆ. ಬೆಂಗಳೂರಿನಲ್ಲಿ ನೆಲದಡಿಯಿಂದ ನೀರು ಏಳುವ ಭಯ ಇದ್ದೇ ಇರುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಮೇಲೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಮೇಲೆ. ಕೆರೆಯ ಹೆಸರು ಅಳಿಸಿದರೂ ನೀರಿಗೆ ತನ್ನ ತಗ್ಗು ನೆನಪಿರುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಬೇಸ್‌ಮೆಂಟುಗಳು ಕಾರುಗಳ ಸಮೇತ ಮುಳುಗಿದ್ದನ್ನು ಇಡೀ ದೇಶ ನೋಡಿತು. ಮುಳುಗದೆ, ನೆಲದಡಿಯಿಂದ ವರ್ಷವಿಡೀ ಜಿನುಗುವ ಬೇಸ್‌ಮೆಂಟುಗಳು ಸುದ್ದಿಯಾಗುವುದಿಲ್ಲ. ಸೈಟು ಕೊಳ್ಳುವಾಗ ಕಾಗದಪತ್ರದ ಜೊತೆ ಹಳೆಯ ಗ್ರಾಮ ನಕಾಶೆಯಲ್ಲಿ ಕೆರೆ, ರಾಜಕಾಲುವೆ ಎಲ್ಲಿತ್ತೆಂದು ನೋಡುವುದು ವಾಸ್ತು ನೋಡುವುದಕ್ಕಿಂತ ಉಪಯೋಗದ ಕೆಲಸ.

ರಸ್ತೆ ಕಡೆಯ ಗೋಡೆಗೆ ನನ್ನ ಅತಿ ದೊಡ್ಡ ಕಪಾಟು ಒರಗಿತ್ತು. ಏಳಡಿ ಎತ್ತರದ್ದು, ಗೋಡೆಗೆ ಅಂಟಿಕೊಂಡಂತೆ. ಪುಸ್ತಕ ಇಳಿಸಿ, ಮಗನೂ ನಾನೂ ಸೇರಿ ಒಂದು ಮೊಳ ಎಳೆದೆವು. ಹಿಂಬದಿಯ ಪ್ಲೈ ಹಾಳೆ ನೆಲದಿಂದ ಸೊಂಟದೆತ್ತರದವರೆಗೆ ಬೂದು ಹಸಿರು. ಹತ್ತಿರದಿಂದ ಟಾರ್ಚ್ ಬಿಟ್ಟರೆ ವೆಲ್ವೆಟ್ ಬಟ್ಟೆಯ ಹಾಗೆ ಕೂದಲು ಕೂದಲು, ನಡುನಡುವೆ ಕಾಸಿನಗಲದ ಕಪ್ಪು ಚುಕ್ಕೆಗಳು. ಗೋಡೆಯ ಮೇಲೆ ಅದೇ ಎತ್ತರಕ್ಕೆ ಬಿಳಿ ಉಪ್ಪಿನ ಗೆರೆ. ಬೆರಳಿಂದ ಒರೆಸಿದರೆ ಪುಡಿ ಉದುರಿತು. ನೀರು ಗೋಡೆಯೊಳಗಿನ ಲವಣ ಕರಗಿಸಿಕೊಂಡು ಹೊರಬಂದು, ತಾನು ಆರಿ, ಉಪ್ಪನ್ನು ಬಿಟ್ಟುಹೋದ ಗುರುತು ಅದು. ಕೈಯಿಟ್ಟರೆ ಗೋಡೆ ಒದ್ದೆಯಿಲ್ಲ, ತಣ್ಣಗಿದೆ ಅಷ್ಟೆ. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ತೇವಾಂಶದ ಮೀಟರನ್ನು ರೂಮಿನ ನಡುವೆ ಇಟ್ಟರೆ 58 ತೋರಿಸುತ್ತಿತ್ತು, ಕಪಾಟಿನ ಹಿಂದೆ ಇಟ್ಟರೆ 84.

ಜಾಗ ಸಿಕ್ಕಿತು. ಆದರೆ ಮಳೆಯಿಲ್ಲದ ತಿಂಗಳಲ್ಲಿ ಆ ಗೋಡೆಗೆ ನೀರು ಎಲ್ಲಿಂದ? ಮೇಸ್ತ್ರಿ ಬಂದು ನೋಡಿ, ಮಣ್ಣಿನ ಥಂಡಿ ಏರಿದೆ ಅಂದರು. ಪ್ಲಂಬರ್ ಬಂದು, ಆ ಗೋಡೆಯಲ್ಲಿ ಪೈಪೇ ಇಲ್ಲ, ನನ್ನ ಕೆಲಸ ಅಲ್ಲ ಅಂದರು. ಇಬ್ಬರೂ ಕೇಳಿದ್ದು ಎಲ್ಲಿ ಎಂದು. ಯಾವಾಗ ಎಂದು ಯಾರೂ ಕೇಳಲಿಲ್ಲ, ಅಲ್ಲಿಯವರೆಗೆ ನಾನೂ ಕೇಳಿರಲಿಲ್ಲ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲು ಶುರುಮಾಡಿದೆ. ಬೆಳಿಗ್ಗೆ ಎದ್ದ ಕೂಡಲೇ ಕೆಳಗಿಳಿದು ಬಾಗಿಲು ತೆರೆದು ಮೂಸುವುದು, ಸೊನ್ನೆಯಿಂದ ಐದರವರೆಗೆ ಅಂಕ ಹಾಕುವುದು, ಮೀಟರಿನ ಅಂಕಿ ಬರೆಯುವುದು. ಹೆಂಡತಿ ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲೇ ನನ್ನ ವಾಸನೆಯ ಲೆಕ್ಕವೂ ಸೇರಿತು. ಎರಡು ವಾರ ಕಳೆದ ಮೇಲೆ ಅವಳೇ ಮೊದಲು ಕಂಡುಹಿಡಿದದ್ದು. ‘ನೋಡ್ರೀ, ನೀರು ಬಿಟ್ಟ ಮಾರನೇ ದಿನ ನಾಲ್ಕು, ಐದು. ಆಮೇಲೆ ಎರಡಕ್ಕೆ ಇಳಿಯುತ್ತೆ.’ ನಮ್ಮ ರಸ್ತೆಗೆ ಕಾವೇರಿ ನೀರು ದಿನ ಬಿಟ್ಟು ದಿನ. ನಡುವೆ ಒಮ್ಮೆ ಎಲ್ಲೋ ಪೈಪು ಒಡೆದು ಐದು ದಿನ ನೀರು ಬಂದಿರಲಿಲ್ಲ. ಆ ಐದು ದಿನದ ಚೌಕಗಳಲ್ಲಿ ನನ್ನ ಅಂಕ ಎರಡು, ಒಂದು, ಒಂದು, ಸೊನ್ನೆ, ಸೊನ್ನೆ.

ರಸ್ತೆ ಕಡೆಯ ಗೋಡೆಯಿಂದ ಒಂದೂವರೆ ಅಡಿ ಆಚೆಗೆ, ಕಾರು ನಿಲ್ಲಿಸುವ ಜಾಗದ ಕೆಳಗೆ ನಮ್ಮ ಸಂಪು ಇದೆ.

ಸಂಪು ಸೋರುತ್ತದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ನೀರು ಬಂದ ರಾತ್ರಿ ಅಂಚಿನವರೆಗೆ ತುಂಬಲು ಬಿಟ್ಟೆ, ವಾಲ್ವ್ ಮುಚ್ಚಿದೆ, ಮೋಟಾರ್ ಹಾಕಬೇಡಿ ಎಂದು ಮನೆಯಲ್ಲಿ ಡಂಗುರ ಸಾರಿದೆ, ಮುಚ್ಚಳದ ಪಕ್ಕದಿಂದಲೇ ಬಗ್ಗಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೀಟು ಹಾಕಿದೆ. ಮುಚ್ಚಿದ ಸಂಪಿನಲ್ಲಿ ನೀರು ಆವಿಯಾಗುವುದು ಲೆಕ್ಕಕ್ಕಿಲ್ಲ. ಬೆಳಿಗ್ಗೆ ನೀರು ಎರಡು ಬೆರಳು ಇಳಿದಿತ್ತು. ಎಂಟಡಿ ಉದ್ದ, ಆರಡಿ ಅಗಲದ ಸಂಪಿಗೆ ಎರಡು ಬೆರಳೆಂದರೆ ಸುಮಾರು 150 ಲೀಟರ್. ಇನ್ನೂ ಒಂದು ದಿನ ಹಾಗೇ ಬಿಟ್ಟೆ. ಮತ್ತೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಸೋರುವ ಸಂಪಿನ ನೀರು ನಿಂತ ಎತ್ತರವೇ ಬಿರುಕಿನ ಎತ್ತರ. ಟಾರ್ಚ್ ಬಿಟ್ಟು ನೋಡಿದರೆ ಅಲ್ಲೇ ಇತ್ತು: ಕಾರ್ಪೊರೇಷನ್ ಪೈಪು ಒಳಬರುವ ತೂತಿನ ಸುತ್ತ, ಗಾರೆ ಬಿಟ್ಟುಕೊಂಡ ಒಂದು ಗೆರೆ.

ಈಗ ಎಲ್ಲ ಕೂಡಿಬಂತು. ನೀರು ಬಂದ ರಾತ್ರಿ ಸಂಪು ಬಿರುಕಿನ ಮೇಲಕ್ಕೆ ತುಂಬುತ್ತದೆ, ಕೆಲವು ತಾಸು ಸೋರುತ್ತದೆ. ಬಹುಪಾಲು ಮಣ್ಣಿಗೆ, ಒಂದಿಷ್ಟು ನಮ್ಮ ಗೋಡೆಗೆ. ಬೆಳಿಗ್ಗೆ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕಿದ ಕೂಡಲೇ ಮಟ್ಟ ಬಿರುಕಿನ ಕೆಳಗಿಳಿದು ಸೋರಿಕೆ ನಿಲ್ಲುತ್ತದೆ. ಗೋಡೆ ಎಂದೂ ತೊಟ್ಟಿಕ್ಕುವಷ್ಟು ಒದ್ದೆಯಾಗಲಿಲ್ಲ, ಎಂದೂ ಪೂರ್ತಿ ಒಣಗಲೂ ಇಲ್ಲ. ಗಾಳಿಯಾಡದ ಕಪಾಟಿನ ಹಿಂದೆ ಬೂಷ್ಟಿಗೆ ಬೇಕಾದದ್ದು ಅಷ್ಟೇ. ಸುಮಾರು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಅಷ್ಟೆತ್ತರಕ್ಕೆ ಪಂಪು ಮಾಡಿ ತಂದ ನೀರು, ಕೊನೆಯ ಒಂದೂವರೆ ಅಡಿಯನ್ನು ತಾನಾಗಿ ನಡೆದು ನನ್ನ ಪುಸ್ತಕಗಳ ಬಳಿ ಬಂದಿತ್ತು.

ರಿಪೇರಿ ಒಂದೇ ದಿನದ್ದು. ಒಂದು ವಿಷಯದಲ್ಲಿ ಮಾತ್ರ ಮೇಸ್ತ್ರಿಯೊಡನೆ ಹಟ ಹಿಡಿಯಬೇಕಾಯಿತು. ರೂಮಿನ ಕಡೆಯಿಂದಲೇ ಗಾರೆ ಮಾಡಿಬಿಡೋಣ, ಸಂಪು ಖಾಲಿ ಮಾಡುವ ರಗಳೆ ಯಾಕೆ ಅಂದರು. ನೀರು ತಾಗುವ ಕಡೆಯಿಂದ ಮುಚ್ಚಿದರೆ ನೀರಿನ ಒತ್ತಡವೇ ಆ ಪದರವನ್ನು ಗೋಡೆಗೆ ಅದುಮುತ್ತದೆ. ರೂಮಿನ ಕಡೆಯಿಂದ ಮುಚ್ಚಿದರೆ ಅದೇ ಒತ್ತಡ ಅದನ್ನು ಹಿಂದಿನಿಂದ ತಳ್ಳಿ ಕಿತ್ತು ಹಾಕುತ್ತದೆ. ಬಣ್ಣದ ಹಕ್ಕಳೆ ಏಳುವುದೂ ಹೀಗೆಯೇ. ಕೊನೆಗೆ ಸಂಪು ಖಾಲಿ ಮಾಡಿ, ಮುಚ್ಚಳ ತೆರೆದಿಟ್ಟು, ಅರ್ಧ ದಿನ ಟೇಬಲ್ ಫ್ಯಾನಿನಿಂದ ಗಾಳಿ ಬಿಟ್ಟು, ಮೇಲೆ ಒಬ್ಬರನ್ನು ಕಾವಲು ನಿಲ್ಲಿಸಿ ಆಮೇಲೆ ಇಳಿದರು. ಈ ಎಚ್ಚರ ಅತಿಯಾಯಿತು ಎನ್ನುವವರಿಗೆ ಹಗೇವಿನ ದೀಪದ ಕಥೆ ಹೇಳಬೇಕು. ಆದರೆ ಚರಂಡಿಯ ಚೇಂಬರಿಗೆ ಮಾತ್ರ ದೀಪ ತೋರಿಸಬಾರದು, ಅಲ್ಲಿ ಹೊತ್ತಿಕೊಳ್ಳುವ ಮೀಥೇನ್ ಇರಬಹುದು. ಮನುಷ್ಯರನ್ನಂತೂ ಇಳಿಸಲೇಬಾರದು, ರಕ್ಷಣಾ ಸಾಧನವಿಲ್ಲದೆ ಇಳಿಸುವುದನ್ನು 2013ರ ಕಾನೂನು ಅಪರಾಧವೆನ್ನುತ್ತದೆ. ಬಿರುಕನ್ನು ಉಳಿಯಿಂದ ಅಗಲಿಸಿ, ಸಡಿಲವಾದದ್ದನ್ನೆಲ್ಲ ಕೆತ್ತಿ ತೆಗೆದು, ವಾಟರ್‌ಪ್ರೂಫ್ ಗಾರೆ ತುಂಬಿದರು. ರೂಮಿನ ಗೋಡೆಯ ಪ್ಲಾಸ್ಟಿಕ್ ಬಣ್ಣ ಕೆರೆಸಿ, ಎರಡು ತಿಂಗಳು ಬರಿಮೈಯಲ್ಲಿ ಆರಲು ಬಿಟ್ಟು, ಆಮೇಲೆ ಸುಣ್ಣ ಹೊಡೆಸಿದೆ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೇಗ ಹಿಡಿಯುವುದಿಲ್ಲ, ಗೋಡೆಯೊಳಗೆ ಉಳಿದ ಪಸೆಗೆ ಹೊರಬರಲು ದಾರಿಯೂ ಇರುತ್ತದೆ. ಹಬ್ಬಕ್ಕೆಂದು ಸುಣ್ಣ ಹೊಡೆಸುತ್ತಿದ್ದ ಹಿರಿಯರು ಇದನ್ನೆಲ್ಲ ಲೆಕ್ಕ ಹಾಕಿರಲಿಕ್ಕಿಲ್ಲ, ಕೆಲಸ ಮಾತ್ರ ನಡೆಯುತ್ತಿತ್ತು.

ಕಪಾಟಿನ ಹಿಂಬದಿ ಹಾಳೆಯನ್ನು ಎಸೆದೆ. ಬೂಷ್ಟು ಒಳಗಿಳಿದ ಪ್ಲೈವುಡ್ ಒರೆಸಿದರೆ ಸರಿಹೋಗುವುದಿಲ್ಲ. ಪುಸ್ತಕಗಳನ್ನು ಮಾಸ್ಕ್ ಹಾಕಿಕೊಂಡು ತಾರಸಿಯ ನೆರಳಿನಲ್ಲಿ ಹರಡಿ, ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಒಂದೊಂದಾಗಿ ಝಾಡಿಸಿದ್ದಾಯಿತು. ಕೆಳಗಿನ ಎರಡು ಸಾಲಿನ ಮೂವತ್ತೆಂಟು ಪುಸ್ತಕ ಉಳಿಯಲಿಲ್ಲ. ಹೊಸ ಕಪಾಟು ಗೋಡೆಯಿಂದ ನಾಲ್ಕು ಬೆರಳು ಆಚೆ ನಿಂತಿದೆ.

ನಿಮ್ಮ ಕೆಳಗಿನ ರೂಮೂ ನಾರುತ್ತಿದ್ದರೆ, ಬಣ್ಣದವರಿಗೆ ಫೋನು ಮಾಡುವ ಮೊದಲು ಎರಡು ವಾರ ಕ್ಯಾಲೆಂಡರಿನಲ್ಲಿ ಅಂಕ ಹಾಕಿ. ಮಳೆ ಬಂದ ದಿನ, ನೀರು ಬಿಟ್ಟ ದಿನ, ಬಟ್ಟೆ ಒಗೆದ ದಿನ, ಮೇಲಿನ ಮನೆಯವರು ಊರಿಗೆ ಹೋದ ದಿನ ಎಲ್ಲವನ್ನೂ ಪಕ್ಕದಲ್ಲಿ ಬರೆಯಿರಿ. ಅದಕ್ಕೆ ಖರ್ಚು ಒಂದು ಪೆನ್ಸಿಲ್. ನನ್ನ ಸಂಪು ರಿಪೇರಿಗೆ ಆದದ್ದು, ಅದಕ್ಕೆ ಮೊದಲು ತಪ್ಪು ಗೋಡೆಗೆ ಹೊಡೆಸಿದ ಬಣ್ಣದ ಅರ್ಧದಷ್ಟು.